‘ಸುಲಭ’ ಎಂದು ಬರೆದಿದ್ದರು: ಅಲ್ಸಾಸ್‌ನ ದ್ರಾಕ್ಷಿತೋಟಗಳಲ್ಲಿ ನಡೆಯಲು ಹೊರಟವರಿಗೆ

ಫ್ರಾನ್ಸಿನ ಅಲ್ಸಾಸ್‌ನಲ್ಲಿ ದ್ರಾಕ್ಷಿತೋಟಗಳ ನಡುವೆ ಹಳ್ಳಿಯಿಂದ ಹಳ್ಳಿಗೆ ನಡೆಯಬೇಕೆಂದು ಯೋಚಿಸಿರುವವರು ಇದನ್ನು ಓದಿಕೊಂಡು ಹೋಗಿ. ಹೋಗಬೇಡಿ ಎನ್ನುತ್ತಿಲ್ಲ. ನಾನು ಮತ್ತು ನನ್ನ ಹೆಂಡತಿ ಹೋದ ಹಾಗೆ ಹೋಗಬೇಡಿ, ಅಷ್ಟೇ.

ಮಗಳು ಜರ್ಮನಿಯ ಫ್ರೈಬುರ್ಗ್‌ನಲ್ಲಿದ್ದಾಳೆ. ಅಲ್ಲಿಂದ ರೈನ್ ನದಿ ದಾಟಿದರೆ ಫ್ರಾನ್ಸ್. ಸೆಪ್ಟೆಂಬರಿನಲ್ಲಿ ಅವಳ ಮನೆಯಲ್ಲಿದ್ದಾಗ ಅವಳಿಗೆ ರಜೆ ಸಿಗಲಿಲ್ಲವೆಂದು ನಾವಿಬ್ಬರೇ ಮೂರು ದಿನದ ಮಟ್ಟಿಗೆ ಹೊರಟೆವು. ಪ್ರವಾಸ ಸಂಸ್ಥೆಯೊಂದು ರಿಬೋವಿಲೆ ಎಂಬ ಊರಿನಲ್ಲಿ ವಸತಿ ಗೊತ್ತುಮಾಡಿ, ದಿನಕ್ಕೊಂದರಂತೆ ದಾರಿಯ ಹಾಳೆ ಕಳಿಸಿತು. ಮಾರ್ಗದರ್ಶಿ ಇಲ್ಲ, ಹಾಳೆ ಹಿಡಿದು ನಾವೇ ನಡೆಯಬೇಕು. ಭಾನುವಾರದ ಹಾಳೆಯಲ್ಲಿ ಹೀಗಿತ್ತು: ‘ಮಟ್ಟ 1, ಸುಲಭ. ಸುಮಾರು 12 ಕಿ.ಮೀ., 4 ಗಂಟೆ. ಹಿಂತಿರುಗಲು ಬಸ್.’ ನನಗೆ 63, ಅವಳಿಗೆ 59. ಮೈಸೂರಿನಲ್ಲಿ ದಿನವೂ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವವರು ನಾವು. ಸುಲಭ ಎಂದ ಮೇಲೆ ಇನ್ನೇನು ಎಂದುಕೊಂಡು ಬೆಳಗಿನ ತಿಂಡಿಯನ್ನು ನಿಧಾನವಾಗಿ ಮುಗಿಸಿ, ಹತ್ತೂವರೆಗೆ ಹೊರಟೆವು. ಇಬ್ಬರಿಗೂ ಸೇರಿ ಒಂದು ಲೀಟರ್ ನೀರು.

ಇಲ್ಲಿ ನನ್ನ ಮಾನ ಹೋಗುವ ಒಂದು ಸಂಗತಿ ಹೇಳಬೇಕು. ನಾನು 29 ವರ್ಷ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿದವನು. ಸಹ್ಯಾದ್ರಿ ಮೋಡಗಳನ್ನು ತಡೆದು ಪಶ್ಚಿಮಕ್ಕೆ ಮಳೆ ಸುರಿಸುತ್ತದೆ, ಪೂರ್ವದ ಚಿತ್ರದುರ್ಗ ಒಣಗುತ್ತದೆ ಎಂಬ ಮಳೆನೆರಳಿನ ಪಾಠವನ್ನು ಎಷ್ಟು ತಂಡಗಳಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಅಲ್ಸಾಸ್‌ನ ಪಶ್ಚಿಮಕ್ಕೆ ವೋಜ್ ಬೆಟ್ಟಸಾಲು ಅದೇ ಕೆಲಸ ಮಾಡುತ್ತದೆ. ಅದರ ಬುಡದಲ್ಲಿರುವ ಕೋಲ್ಮಾರ್ ಫ್ರಾನ್ಸಿನ ಅತಿ ಕಡಿಮೆ ಮಳೆಯ ಊರುಗಳಲ್ಲಿ ಒಂದು. ದ್ರಾಕ್ಷಿ ಅಲ್ಲಿ ಅಷ್ಟು ಚೆನ್ನಾಗಿ ಬರುವುದೇ ಅದಕ್ಕೆ. ಬಳ್ಳಿಗೆ ಬಿಸಿಲು ಬೇಕೆಂದು ಪೂರ್ವಕ್ಕೋ ದಕ್ಷಿಣಕ್ಕೋ ಮುಖ ಮಾಡಿದ ಇಳಿಜಾರುಗಳನ್ನು ಆರಿಸಿ ನೆಟ್ಟಿದ್ದಾರೆ, ಸಾಲುಗಳ ನಡುವೆ ಮರ ಬೆಳೆಯಲು ಬಿಟ್ಟಿಲ್ಲ. ಬಳ್ಳಿಗೆ ಯಾವುದು ಹಿತವೋ ಅದು ನಡೆಯುವವನ ತಲೆಗೆ ಅಹಿತ. ಯೂರೋಪ್ ಎಂದರೆ ತಂಪು ಎಂದುಕೊಂಡು ಛತ್ರಿಯನ್ನೂ ಟೋಪಿಯನ್ನೂ ಮಗಳ ಮನೆಯಲ್ಲೇ ಬಿಟ್ಟು ಬಂದಿದ್ದೆ. ಹನ್ನೆರಡರ ಹೊತ್ತಿಗೆ 32 ಡಿಗ್ರಿ.

ಮೊದಲ ಹಳ್ಳಿ ಹುನಾವಿರ್‌ವರೆಗೆ ಎಲ್ಲವೂ ಚಂದವೇ. ಊರಾಚೆಯ ದಿಬ್ಬದ ಮೇಲೆ, ಬಳ್ಳಿಗಳ ನಡುವೆ, ಕೋಟೆಗೋಡೆ ಸುತ್ತುವರಿದ ಹಳೆಯ ಇಗರ್ಜಿ ಇದೆ. ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಆ ಒಂದೇ ಕಟ್ಟಡವನ್ನು ಹಂಚಿಕೊಂಡಿದ್ದಾರೆ. ಊರಿಗೆ ಹೆಸರು ಬಂದದ್ದು ಸಂತ ಹ್ಯೂನ್ ಎಂಬಾಕೆಯಿಂದ. ಬಡವರ ಬಟ್ಟೆಗಳನ್ನು ಊರ ಚಿಲುಮೆಯಲ್ಲಿ ಒಗೆದುಕೊಡುತ್ತಿದ್ದಳಂತೆ. ಕೊಕ್ಕರೆಗಳನ್ನು ಮತ್ತೆ ನೆಲೆಗೊಳಿಸುವ ಕೇಂದ್ರವೂ ಅಲ್ಲಿದೆ. ಇದನ್ನೆಲ್ಲ ನೋಡಿ ಅಲ್ಲಿಂದಲೇ ಹಿಂತಿರುಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಮುಂದಿನ ಊರು ರಿಕ್ವಿರ್. ಬಣ್ಣದ ಮನೆಗಳು, ಮರದ ಚೌಕಟ್ಟಿನ ಗೋಡೆಗಳು, ಭಾನುವಾರದ ಜನಜಾತ್ರೆ. ಒಂದು ಗಂಟೆಯಾಗಿತ್ತು, ಹೋಟೆಲುಗಳ ಮುಂದೆ ಸಾಲು ನಿಂತಿತ್ತು. ‘ಇಲ್ಲೇ ತಿಂದುಬಿಡೋಣ ರೀ’ ಎಂದಳು ಹೆಂಡತಿ. ಮುಂದಿನ ಹಳ್ಳಿಯಲ್ಲಿ ನೆಮ್ಮದಿಯಾಗಿ ತಿನ್ನೋಣ ಎಂದೆ ನಾನು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವುದು ಎಂದರೆ ಇದೇ. ಫ್ರಾನ್ಸಿನ ಹಳ್ಳಿಗಳಲ್ಲಿ ಮಧ್ಯಾಹ್ನದ ಅಡುಗೆಮನೆ ತೆರೆದಿರುವುದು ಸಾಮಾನ್ಯವಾಗಿ 12ರಿಂದ 2ರವರೆಗೆ. ಆಮೇಲೆ ರಾತ್ರಿ 7ರವರೆಗೆ ಒಲೆ ಹೊತ್ತಿಸುವುದಿಲ್ಲ. ಬ್ರೆಡ್ಡಿನ ಅಂಗಡಿ ಭಾನುವಾರ ಮಧ್ಯಾಹ್ನಕ್ಕೇ ಬಾಗಿಲು ಹಾಕಿರುತ್ತದೆ. ಅಲ್ಸಾಸ್‌ನಲ್ಲಿ ಜರ್ಮನ್ ಆಡಳಿತದ ಕಾಲದಿಂದ ಉಳಿದುಬಂದ ಸ್ಥಳೀಯ ಕಾನೂನು ಬೇರೆ ಇದೆ. ಭಾನುವಾರದ ವಿಷಯದಲ್ಲಿ ಅದು ಉಳಿದ ಫ್ರಾನ್ಸಿಗಿಂತ ಬಿಗಿ. ಗುಡ್ ಫ್ರೈಡೆ ಮತ್ತು ಡಿಸೆಂಬರ್ 26 ಕೂಡ ಅಲ್ಲಿ ರಜೆ, ದೇಶದ ಬಹುಭಾಗದಲ್ಲಿ ಅಲ್ಲ. ಸಸ್ಯಾಹಾರಿಗಳು ಇನ್ನೊಂದು ತಿಳಿದಿರಲಿ: ಅಲ್ಲಿನ ತೆಳು ರೊಟ್ಟಿ ‘ತಾರ್ತ್ ಫ್ಲಾಂಬೆ’ಯ ಮೇಲೆ ಕೆನೆ, ಈರುಳ್ಳಿಯ ಜೊತೆ ಹಂದಿಮಾಂಸದ ಚೂರುಗಳೂ ಇರುತ್ತವೆ. ಬೇಡವೆಂದು ಮೊದಲೇ ಹೇಳಬೇಕು.

ರಿಕ್ವಿರ್ ದಾಟಿದ ಮೇಲೆ ದಾರಿಗೆ ಅಡ್ಡಲಾಗಿ ಒಂದು ಫಲಕ. ಮೊಬೈಲಿನಲ್ಲಿ ಅನುವಾದಿಸಿ ನೋಡಿದೆವು: ದ್ರಾಕ್ಷಿ ಕೊಯ್ಲು ನಡೆದಿರುವುದರಿಂದ ತೋಟದ ದಾರಿಗಳಲ್ಲಿ ಸಾರ್ವಜನಿಕರಿಗೆ ಪ್ರವೇಶವಿಲ್ಲ, ಪುರಸಭೆಯ ಆದೇಶ. ಅಲ್ಲಿನ ಅನೇಕ ಊರುಗಳಲ್ಲಿ ಕೊಯ್ಲಿನ ವಾರಗಳಲ್ಲಿ ಇದು ಮಾಮೂಲು. ನೊರೆವೈನ್ ಕ್ರೆಮಾಂಗೆ ಬೇಕಾದ ಹಣ್ಣನ್ನು ಎಲ್ಲಕ್ಕಿಂತ ಮೊದಲು ಕೀಳುತ್ತಾರೆ, ಸೆಕೆ ಹೆಚ್ಚಿದ ವರ್ಷ ಆಗಸ್ಟ್ ಕೊನೆಗೇ ಶುರು. ‘ಕೊಯ್ಲಿನ ಸೊಬಗನ್ನು ಕಣ್ಣಾರೆ ನೋಡಿ’ ಎಂದು ಸೆಪ್ಟೆಂಬರ್ ಪ್ರವಾಸ ಮಾರಿದ ಸಂಸ್ಥೆಗೆ ಕೊಯ್ಲಿನಲ್ಲಿ ದಾರಿ ಮುಚ್ಚುತ್ತದೆ ಎಂಬುದು ತಿಳಿದಿರಲಿಲ್ಲವೇ? ತಿಳಿದಿತ್ತು ಎಂದೇ ನನ್ನ ಅನುಮಾನ.

ಹಾಗಾಗಿ ಮೇಲಿನ ಕಾಡಂಚಿನ ದಾರಿ ಹಿಡಿದೆವು. ಈ ಬೆಟ್ಟಗಳ ಕಾಲುದಾರಿಗಳಿಗೆ ಗುರುತು ಹಾಕುವುದು 1872ರಲ್ಲಿ ಹುಟ್ಟಿದ ಕ್ಲಬ್ ವೋಜಿಯಾಂ ಎಂಬ ಸಂಘ. ಫ್ರಾನ್ಸಿನ ಉಳಿದೆಡೆ ದೂರದ ದಾರಿಗಳಿಗೆ ಬಿಳಿ-ಕೆಂಪು ಪಟ್ಟೆ ಇದ್ದರೆ, ಇಲ್ಲಿ ಇವರದೇ ಲಿಪಿ: ಆಯತ, ಶಿಲುಬೆ, ತ್ರಿಕೋನ, ಬಳೆ, ಒಂದೊಂದಕ್ಕೂ ನಾಲ್ಕು ಬಣ್ಣ. ಮರದ ಮೇಲೆ ಚೆಂದದ ಹಸಿರು ಬಳೆ ಕಂಡಿತು. ಅದನ್ನೇ ಹಿಂಬಾಲಿಸಿದೆ. ಏರು ಏರಿ, ಹುಲ್ಲು ತುಳಿದು, ಬೆವರು ಸುರಿಸಿ ಐವತ್ತು ನಿಮಿಷ ನಡೆದ ಮೇಲೆ ಎದುರಿಗೆ ಒಂದು ಫಲಕ. ‘ಇದು ಅದೇ ಅಲ್ಲವೇ?’ ಎಂದಳು ಹೆಂಡತಿ. ಅದೇ ಆಗಿತ್ತು. ಬಳೆ ಎಂದರೆ ಹೊರಟಲ್ಲಿಗೇ ಮರಳುವ ಸುತ್ತುದಾರಿ. ಗಾಣದೆತ್ತಿನಂತೆ ಒಂದು ಸುತ್ತು ಪೂರೈಸಿದ್ದೆವು. ನಕ್ಷೆ ಓದುವುದಕ್ಕೆ ಹತ್ತು ಅಂಕ ಇಟ್ಟು ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದವನು ನಾನು. ಅವಳು ನಗಲೂ ಇಲ್ಲ, ಬೈಯಲೂ ಇಲ್ಲ, ಕಲ್ಲಿನ ಮೇಲೆ ಕುಳಿತಳು. ನೀರು ಖಾಲಿಯಾಗಿತ್ತು.

ಕೀಂಟ್ಸ್‌ಹೈಮ್ ಎಂಬ ಹಳ್ಳಿ ಮುಟ್ಟಿದಾಗ ಐದು ದಾಟಿತ್ತು. ಅವಳ ಮುಖ ಕೆಂಪಾಗಿ, ಮಾತು ಕಡಿಮೆಯಾಗಿತ್ತು. ಬೀದಿಯಲ್ಲಿ ಕಲ್ಲಿನ ಚಿಲುಮೆಯೊಂದು ತಣ್ಣಗೆ ಸುರಿಯುತ್ತಿತ್ತು. ಬಾಟಲಿ ಒಡ್ಡಿದೆ. ಅವಳೇ ಕೈ ಹಿಡಿದು ನಿಲ್ಲಿಸಿ, ಮೇಲಿದ್ದ ಪುಟ್ಟ ತಗಡಿನ ಪಟ್ಟಿ ತೋರಿಸಿದಳು: ‘ಓ ನೋ ಪೊಟಾಬ್ಲ್’, ಕುಡಿಯುವ ನೀರಲ್ಲ. ನಡುವಿನ ‘ನೋ’ ಇಲ್ಲದಿದ್ದರೆ ಮಾತ್ರ ಕುಡಿಯಬಹುದು. ಮುಖ, ಕತ್ತು ತೊಳೆದುಕೊಂಡೆವು.

ಬಸ್ ನಿಲ್ದಾಣದ ವೇಳಾಪಟ್ಟಿಯಲ್ಲಿ ಸಂಜೆಯ ಬಸ್ಸುಗಳೇನೋ ಇದ್ದವು. ಕೆಳಗೆ ಇರುವೆಯಂಥ ಅಕ್ಷರಗಳಲ್ಲಿ ‘ಸೋಫ್ ದಿಮಾಂಶ್ ಎ ಜೂರ್ ಫೆರಿಯೆ’. ಭಾನುವಾರ ಮತ್ತು ರಜಾದಿನ ಹೊರತುಪಡಿಸಿ ಎಂದರ್ಥ. ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಶಾಲೆ ನಡೆಯುವ ದಿನಗಳಲ್ಲಿ ಮಾತ್ರ ಓಡುವ ಬಸ್ಸುಗಳಿವೆ; ಮೊದಲೇ ಫೋನ್ ಮಾಡಿ ಹೇಳಿದರೆ ಮಾತ್ರ ಬರುವ ಬಸ್ಸುಗಳೂ ಇವೆ. ಆ ಅಡಿಟಿಪ್ಪಣಿ ಓದದೆ ವೇಳಾಪಟ್ಟಿಯನ್ನು ನಂಬಬೇಡಿ. ಹೊರಡುವ ಮುನ್ನ, ಆ ತಾರೀಕಿನ ಹೆಸರು ಹೇಳಿ, ವಸತಿಯವರನ್ನು ಕೇಳಿ.

ನಮ್ಮನ್ನು ಕಾಪಾಡಿದ್ದು ತನ್ನ ಅಂಗಳದಲ್ಲಿ ದ್ರಾಕ್ಷಿಯ ಬುಟ್ಟಿಗಳನ್ನು ತೊಳೆಯುತ್ತಿದ್ದ ಒಬ್ಬ ಅಜ್ಜಿ. ನನ್ನ ಇಂಗ್ಲಿಷ್ ಅವರಿಗೆ ತಿಳಿಯಲಿಲ್ಲ. ಮಗಳ ಮನೆಯಲ್ಲಿ ಹೆಂಡತಿ ಕಲಿತ ಎರಡು ಜರ್ಮನ್ ಪದ, ‘ವಾಸರ್, ಬಿಟ್ಟೆ’ (ನೀರು, ದಯವಿಟ್ಟು), ತಕ್ಷಣ ತಿಳಿಯಿತು. ಅಲ್ಲಿನ ಹಿರಿಯರ ಮನೆಮಾತು ಜರ್ಮನ್ ಬಳಗದ್ದೇ. ನೆರಳಿನಲ್ಲಿ ಕೂರಿಸಿ, ಹೂಜಿಯಲ್ಲಿ ನೀರು ತಂದುಕೊಟ್ಟು, ಟ್ಯಾಕ್ಸಿಗೆ ಫೋನ್ ಮಾಡಿದರು. ಟ್ಯಾಕ್ಸಿಗೆ ಭಾನುವಾರ ದರ ಹೆಚ್ಚು, ಅದು ಖಾಲಿ ಮರಳುವ ದಾರಿಗೂ ನಾವೇ ತೆರಬೇಕು. ನಾಲ್ಕು ಗಂಟೆ ಎಂದಿದ್ದ ನಡಿಗೆ ಏಳು ಗಂಟೆ ಹಿಡಿಯಿತು. ತಲೆಸುತ್ತು, ವಾಂತಿ, ಮಂಕು ಕಂಡರೆ ಟ್ಯಾಕ್ಸಿಯಲ್ಲ, 112ಕ್ಕೆ ಕರೆ ಮಾಡಬೇಕು ಎಂದು ಮಗಳು ಆಮೇಲೆ ಗದರಿದಳು: ‘ಅಪ್ಪ, ನೀವು ನನಗಾದರೂ ಫೋನ್ ಮಾಡಬಾರದಿತ್ತೇ?’ ನಾಚಿಕೆಯಾಗಿ ಮಾಡಿರಲಿಲ್ಲ.

ಕತೆ ಅಲ್ಲಿಗೇ ಮುಗಿಯಲಿಲ್ಲ. ಮರುದಿನ ಸ್ನಾನ ಮಾಡುವಾಗ ಹೆಂಡತಿಯ ಮೊಣಕಾಲಿನ ಹಿಂದೆ ಎಳ್ಳುಕಾಳಿನಷ್ಟು ಕಪ್ಪು. ಸಾಗರ ತಾಲ್ಲೂಕಿನವಳು ಅವಳು. ಮಂಗನ ಕಾಯಿಲೆಯ ಭಯದಲ್ಲಿ ಬೆಳೆದವರಿಗೆ ಉಣುಗಿನ ಗುರುತು ಹೇಳಿಕೊಡಬೇಕಿಲ್ಲ. ಅಲ್ಸಾಸ್‌ನ ಕಾಡಂಚಿನ ಹುಲ್ಲಿನಲ್ಲಿ ಉಣುಗು ಹೇರಳ, ಅದು ಹರಡುವ ಲೈಮ್ ಕಾಯಿಲೆ ಫ್ರಾನ್ಸಿನಲ್ಲಿ ಹೆಚ್ಚಾಗಿ ಕಾಣುವ ಪ್ರದೇಶಗಳಲ್ಲಿ ಅದೂ ಒಂದು. ಕಚ್ಚಿದ್ದು ಗೊತ್ತಾಗುವುದೇ ಇಲ್ಲ. ಎಣ್ಣೆ ಸುರಿಯುವುದು, ಸುಡುವುದು ಬೇಡ. ಹಸಿರು ಶಿಲುಬೆಯ ಗುರುತಿರುವ ಔಷಧದಂಗಡಿಯಲ್ಲಿ ‘ತಿರ್-ತೀಕ್’ ಎಂದು ಕೇಳಿದರೆ ಪುಟ್ಟ ಪ್ಲಾಸ್ಟಿಕ್ ಕೊಕ್ಕೆ ಕೊಡುತ್ತಾರೆ. ಅದನ್ನು ಚರ್ಮಕ್ಕೆ ತಾಗಿಸಿ ತಿರುವಿದರೆ ಉಣುಗು ಇಡಿಯಾಗಿ ಬರುತ್ತದೆ. ಭಾನುವಾರ ತೆರೆದಿರುವ ಔಷಧದಂಗಡಿ ತಿಳಿಯಲು 3237ಕ್ಕೆ ಕರೆ ಮಾಡಬೇಕು. ಆಮೇಲೆ ಒಂದು ತಿಂಗಳು ಆ ಜಾಗದ ಮೇಲೆ ಕಣ್ಣಿಡಬೇಕು. ಕೆಂಪು ಮಚ್ಚೆ ಮೂಡಿ ಹರಡತೊಡಗಿದರೆ ವೈದ್ಯರ ಬಳಿಗೆ ಓಡಬೇಕು, ಆಂಟಿಬಯೋಟಿಕ್‌ನಿಂದ ಗುಣವಾಗುತ್ತದೆ. ಹುಲ್ಲಿನ ದಾರಿಯಲ್ಲಿ ಉದ್ದ ಪ್ಯಾಂಟು ತೊಟ್ಟು, ಅದರ ಅಂಚನ್ನು ಕಾಲುಚೀಲದೊಳಗೆ ಸೇರಿಸಿ. ನೋಡಲು ಚೆನ್ನಾಗಿರುವುದಿಲ್ಲ, ಇರಲಿ.

ಸಂಸ್ಥೆಗೆ ಉದ್ದದ ದೂರು ಬರೆದೆ. ಉತ್ತರ ಚುಟುಕಾಗಿತ್ತು: ಮಟ್ಟವನ್ನು ಏರಿಳಿತದ ಆಧಾರದಲ್ಲಿ ಮಾತ್ರ ನಿರ್ಧರಿಸುತ್ತೇವೆ, ಹವೆ, ಸಾರಿಗೆ, ಸ್ಥಳೀಯ ನಿರ್ಬಂಧಗಳು ನಮ್ಮ ಹೊಣೆಯಲ್ಲ. ಷರತ್ತುಗಳನ್ನು ತೆಗೆದು ನೋಡಿದೆ, ಹಾಗೆಯೇ ಬರೆದಿದ್ದರು. ‘ಸುಲಭ’ ಎಂದರೆ ಬೆಟ್ಟ ಕಡಿದಲ್ಲ ಎಂದಷ್ಟೇ. ನೆರಳು ಎಷ್ಟು, ನೀರು ಎಲ್ಲಿ, ಊಟ ಎಷ್ಟು ಹೊತ್ತಿಗೆ, ದಾರಿ ತೆರೆದಿದೆಯೇ, ಭಾನುವಾರ ಬಸ್ ಇದೆಯೇ, ಇವು ಆ ಪದದೊಳಗೆ ಸೇರಿಲ್ಲ. ಹಣ ಕಟ್ಟುವ ಮುನ್ನ ಈ ಐದನ್ನೂ ಬರಹದಲ್ಲಿ ಕೇಳಿ. ಉತ್ತರ ಕೊಡದವರಿಗೆ ಹಣವನ್ನೂ ಕೊಡಬೇಡಿ.

ಹೆಂಡತಿಯ ಕಾಲಿನಲ್ಲಿ ಮಚ್ಚೆ ಮೂಡಲಿಲ್ಲ. ಆ ಪ್ಲಾಸ್ಟಿಕ್ ಕೊಕ್ಕೆಯನ್ನು ಮೈಸೂರಿಗೆ ತಂದಿದ್ದಾಳೆ. ಪಕ್ಕದ ಮನೆಯ ನಾಯಿಗೆ ಈಗ ವಾರಕ್ಕೊಮ್ಮೆ ಅದರ ಉಪಯೋಗವಾಗುತ್ತಿದೆ.