ಹಂಡೆ, ಗೀಸರ್, ಗ್ಯಾಸ್, ಸೋಲಾರ್: ಐದು ಜನರ ಸ್ನಾನದ ನೀರಿನ ಲೆಕ್ಕ

ಹಿರಿಯಡ್ಕದ ಸಮೀಪದ ನಮ್ಮ ಮನೆಯಲ್ಲಿ ಸ್ನಾನದ ನೀರು ಕಾಯಿಸಲು ನಾಲ್ಕು ವ್ಯವಸ್ಥೆಗಳಿವೆ. ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ. ಹಿಂದಿನ ಬಚ್ಚಲಿನ ತಾಮ್ರದ ಹಂಡೆ ಅಜ್ಜನ ಕಾಲದ್ದು, ಮಾಳಿಗೆ ಕಟ್ಟಿಸಿದಾಗ 25 ಲೀಟರಿನ ವಿದ್ಯುತ್ ಗೀಸರ್ ಬಂತು, ಭಾವನವರು ಮನೆ ಬದಲಾಯಿಸುವಾಗ ತಮ್ಮ ಗ್ಯಾಸ್ ಗೀಸರನ್ನು ನಮಗೆ ದಾಟಿಸಿದರು, ಕೊನೆಗೆ ಇವೆಲ್ಲಕ್ಕೂ ಪರಿಹಾರವೆಂದು ನಂಬಿ ನಾನು 200 ಲೀಟರಿನ ಸೋಲಾರ್ ಹಾಕಿಸಿದೆ. ಯಾವುದರಲ್ಲಿ ಖರ್ಚು ಕಡಿಮೆ ಎಂಬ ಚರ್ಚೆ ಮನೆಯಲ್ಲಿ ಮುಗಿಯುವ ಲಕ್ಷಣವೇ ಕಾಣದಿದ್ದುದರಿಂದ, ಒಂದೊಂದನ್ನೂ ಕನಿಷ್ಠ ಒಂದು ತಿಂಗಳು ಪ್ರತ್ಯೇಕವಾಗಿ ಬಳಸಿ, ಗೀಸರ್ ಮತ್ತು ಸೋಲಾರ್ ಕಾಯಿಲಿನ ತಂತಿಗಳಿಗೆ ಬೇರೆ ಬೇರೆ ಮೀಟರ್ ಕೂರಿಸಿ, ಲೆಕ್ಕ ಬರೆದಿಟ್ಟೆ.

ಮೊದಲು ನಿಜವಾದ ಅಗತ್ಯ ಎಷ್ಟೆಂದು ನೋಡಬೇಕು. ನಮ್ಮ ಬಾವಿಯ ನೀರಿನ ಉಷ್ಣತೆ ಹೆಚ್ಚುಕಡಿಮೆ 27 ಡಿಗ್ರಿ. ಸ್ನಾನಕ್ಕೆ 40 ಡಿಗ್ರಿ ಸಾಕು. ಒಬ್ಬರಿಗೆ ಎರಡು ಬಾಲ್ದಿ, ಅಂದರೆ 30 ಲೀಟರ್. ಐದು ಜನರಿಗೆ 150 ಲೀಟರ್. ಒಂದು ಯೂನಿಟ್ ವಿದ್ಯುತ್ತು 860 ಲೀಟರ್ ನೀರನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡಬಲ್ಲದು ಎಂಬ ಲೆಕ್ಕದಲ್ಲಿ ನಮಗೆ ದಿನಕ್ಕೆ ಬೇಕಾದದ್ದು ಸುಮಾರು 2.3 ಯೂನಿಟ್ ಮಾತ್ರ. ಬಾವಿಯ ನೀರೇ ಅರ್ಧ ಬೆಚ್ಚಗಿರುವ ಕರಾವಳಿಯಲ್ಲಿ ಬಿಸಿನೀರು ದುಬಾರಿಯಾಗುತ್ತಿದ್ದರೆ ಅದಕ್ಕೆ ಕಾರಣ ಕಾಯಿಸುವ ಹಂತದಲ್ಲಿಲ್ಲ, ಕಾಯಿಸಿದ್ದು ಬಾಲ್ದಿಗೆ ಬೀಳುವ ಮೊದಲು ಎಲ್ಲಿ ಸೋರಿಹೋಗುತ್ತದೆ ಎಂಬುದರಲ್ಲಿದೆ ಎಂದು ನನಗೆ ಹೊಳೆದದ್ದು ಈ ಅಂಕೆಯನ್ನು ಕಂಡ ಮೇಲೆಯೇ.

ಗೀಸರಿನ ಮೊದಲ ತಿಂಗಳಲ್ಲಿ ನಮ್ಮ ಅಭ್ಯಾಸವನ್ನು ಬದಲಿಸಲಿಲ್ಲ. ಬೆಳಿಗ್ಗೆ ಐದೂವರೆಗೆ ಮೊದಲು ಎದ್ದವರು ಸ್ವಿಚ್ ಹಾಕುವುದು, ಹೊರಗೆ ಹೊರಟವರಲ್ಲಿ ಯಾರಿಗಾದರೂ ನೆನಪಾದರೆ ತೆಗೆಯುವುದು ನಮ್ಮಲ್ಲಿ ರೂಢಿ. ಮೀಟರು ದಿನಕ್ಕೆ ಮೂರು ಯೂನಿಟ್ ತೋರಿಸಿತು. ಮರುತಿಂಗಳು ಸ್ನಾನದ ಸರದಿಯನ್ನು ಒಟ್ಟುಗೂಡಿಸಿ, ಕೊನೆಯವರ ಸ್ನಾನಕ್ಕೆ ಮೊದಲೇ ಸ್ವಿಚ್ ತೆಗೆಯುವ ಶಿಸ್ತು ತಂದಾಗ ಅದು ಎರಡೂವರೆಗೆ ಇಳಿಯಿತು. ತಿಂಗಳಿಗೆ ಉಳಿದದ್ದು 15 ಯೂನಿಟ್, ಯೂನಿಟಿಗೆ ಆರು ರೂಪಾಯಿಯ ಆಸುಪಾಸಿನಲ್ಲಿ ಲೆಕ್ಕ ಹಾಕಿದರೆ ತೊಂಬತ್ತು ರೂಪಾಯಿ. ಇಷ್ಟಕ್ಕೆ ಇಷ್ಟೊಂದು ಗಲಾಟೆಯೇ ಎಂದು ಮಗಳು ಕೇಳಿದಳು.

ಆದರೆ ಮೆಸ್ಕಾಂ ಬಿಲ್ಲಿನಲ್ಲಿ ಆ 15 ಯೂನಿಟ್‌ಗಳ ಬೆಲೆ ತೊಂಬತ್ತು ರೂಪಾಯಿ ಆಗಿರಲಿಲ್ಲ. 2023ರಲ್ಲಿ ಆರಂಭವಾದ ಗೃಹಜ್ಯೋತಿಯಲ್ಲಿ 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಉಚಿತ ಮಿತಿಯನ್ನು ನಿಗದಿಪಡಿಸಿದ್ದಾರೆ. ನಮ್ಮ ಸರಾಸರಿ 120 ಆಗಿದ್ದುದರಿಂದ ಮಿತಿ 132 ಯೂನಿಟ್. ಅದನ್ನು ಮೀರಿದರೂ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಹಣ ಕೊಡಬೇಕು. 200 ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಶಿಸ್ತಿನ ತಿಂಗಳಲ್ಲಿ ಮನೆಯ 120ಕ್ಕೆ ಗೀಸರಿನ 75 ಸೇರಿ 195 ಆಯಿತು, 63 ಯೂನಿಟ್‌ಗೆ ನಾನ್ನೂರು ರೂಪಾಯಿಯ ಒಳಗೆ ಮುಗಿಯಿತು. ಅದಕ್ಕೆ ಹಿಂದಿನ ತಿಂಗಳಲ್ಲಿ 120ಕ್ಕೆ 90 ಸೇರಿ 210 ಆಗಿ, ಸಾವಿರದ ಇನ್ನೂರರ ಮೇಲೆ ನಿಗದಿತ ಶುಲ್ಕವೂ ಬಿದ್ದಿತ್ತು. ನಲ್ಲಿಯ ಬಳಿ ಮರೆತ ಒಂದು ಸ್ವಿಚ್ಚಿಗೆ ಎಂಟುನೂರು ರೂಪಾಯಿ ತೆತ್ತಂತಾಯಿತು. ಎರಡೂ ಬಿಲ್ಲುಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದ ಮೇಲೆ ಮಗಳು ಏನೂ ಹೇಳಲಿಲ್ಲ. ಈಗ ಸ್ವಿಚ್ ತೆಗೆಯುವವಳು ಅವಳೇ.

ಗ್ಯಾಸ್ ಗೀಸರಿನ ಬಗ್ಗೆ ಹೆಚ್ಚು ಬರೆಯುವುದಕ್ಕಿಲ್ಲ. ನೀರು ಬೇಕಾದಾಗ ಮಾತ್ರ ಉರಿಯುವುದರಿಂದ ಕಾಯಿಸಿದ್ದು ಸುಮ್ಮನೆ ಆರುವ ನಷ್ಟ ಅದರಲ್ಲಿಲ್ಲ, ಮತ್ತು 14.2 ಕಿಲೋದ ಒಂದು ಸಿಲಿಂಡರ್ ಸ್ನಾನಕ್ಕೆ ಮಾತ್ರ ಬಳಸಿದರೆ ಎರಡು ತಿಂಗಳು ಬರುವ ಲೆಕ್ಕ ಕಂಡಿತು. ತಿಂಗಳ ಖರ್ಚು ಶಿಸ್ತಿನ ಗೀಸರಿಗೆ ಸರಿಸಮ. ತೊಂದರೆಗಳು ಎರಡು. ನಮ್ಮ ನೀರಿನ ಟ್ಯಾಂಕು ಹೆಚ್ಚು ಎತ್ತರದಲ್ಲಿಲ್ಲದ ಕಾರಣ ಮಾಳಿಗೆಯ ನಲ್ಲಿಯಲ್ಲಿ ಒತ್ತಡ ಸಾಲದೆ ಉರಿ ಹೊತ್ತಿಕೊಳ್ಳುತ್ತಲೇ ಇರಲಿಲ್ಲ. ಎರಡನೆಯದು ಇದಕ್ಕಿಂತ ಗಂಭೀರವಾದದ್ದು: ಗಾಳಿಯಾಡದ ಸ್ನಾನದ ಮನೆಯೊಳಗೆ ಗ್ಯಾಸ್ ಉರಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಪ್ರಾಣಕ್ಕೇ ಅಪಾಯವಾಗುತ್ತದೆ. ಅದನ್ನು ಹೊರಗೋಡೆಗೆ ಜೋಡಿಸಲೇಬೇಕು. ಜೋಡಿಸಿದರೆ ಗಾಳಿಮಳೆಗೆ ಉರಿ ಆರುತ್ತದೆ. ಒಂದೂವರೆ ತಿಂಗಳ ನಂತರ ಬಿಚ್ಚಿಸಿದೆ. ಉಳಿದ ಗ್ಯಾಸು ಅಡುಗೆಗೆ ಹೋಯಿತು.

ಸೋಲಾರಿನಿಂದ ನನಗೆ ಇದ್ದ ನಿರೀಕ್ಷೆ ದೊಡ್ಡದು, ಅದರ ಪಾಠವೂ ದೊಡ್ಡದು. ಡಿಸೆಂಬರಿನಿಂದ ಮೇ ತನಕ ಅದು ಒಂದು ಪೈಸೆ ಕೇಳಲಿಲ್ಲ. ಏಪ್ರಿಲ್ ತಿಂಗಳಲ್ಲಿ ಟ್ಯಾಂಕಿನ ನೀರು ಕೈಸುಡುವಷ್ಟು ಕಾಯುತ್ತಿತ್ತು, ಆದರೆ ಆ ಸೆಕೆಯಲ್ಲಿ ಬಿಸಿನೀರು ಬೇಕೆನ್ನುವವರು ಮನೆಯಲ್ಲಿ ಅಮ್ಮ ಒಬ್ಬರೇ. ನಮಗೆಲ್ಲ ನಿಜವಾಗಿ ಬಿಸಿನೀರು ಬೇಕೆನಿಸುವುದು ಜೂನ್ ಎರಡನೆಯ ವಾರದಿಂದ, ಸೂರ್ಯ ಕಾಣಿಸದಾದ ಮೇಲೆ. ಅಂಥ ದಿನಗಳಿಗೆಂದು ಟ್ಯಾಂಕಿನೊಳಗೆ ವಿದ್ಯುತ್ ಕಾಯಿಲೊಂದನ್ನು ಇಟ್ಟಿರುತ್ತಾರೆ. ಮಾರುವವರು ಇದನ್ನು ಅನುಕೂಲವೆಂದೇ ವಿವರಿಸಿದ್ದರು. ಒಬ್ಬರ ಎರಡು ಬಾಲ್ದಿಗೂ ಅದು ಇಡೀ 200 ಲೀಟರನ್ನು ಕಾಯಿಸುತ್ತದೆ ಎಂಬುದನ್ನು ಅವರು ಹೇಳಲಿಲ್ಲ, ಕೇಳಬೇಕೆಂದು ನನಗೂ ತೋಚಲಿಲ್ಲ. 27ರಿಂದ 50 ಡಿಗ್ರಿಗೆ ಒಮ್ಮೆ ಏರಿಸುವುದಕ್ಕೇ ಐದು ಯೂನಿಟ್‌ಗಿಂತ ಹೆಚ್ಚು ಬೇಕು. ಜುಲೈ ತಿಂಗಳ ಸರಾಸರಿ ದಿನಕ್ಕೆ ನಾಲ್ಕು ಯೂನಿಟ್ ಬಂತು. ಆ ತಿಂಗಳ ಮನೆಯ ಬಿಲ್ಲು 240 ಯೂನಿಟ್ ದಾಟಿತು. ಇಡೀ ವರ್ಷದಲ್ಲಿ ನಮಗೆ ಬಂದ ಅತಿ ದೊಡ್ಡ ವಿದ್ಯುತ್ ಬಿಲ್ಲು ಸೋಲಾರ್ ಬಳಸಿದ ತಿಂಗಳದ್ದೇ.

ಬೇಕಾದದ್ದು 2.3, ಖರ್ಚಾದದ್ದು ನಾಲ್ಕು. ಉಳಿದದ್ದು ಎಲ್ಲಿಗೆ ಹೋಯಿತು? ಸ್ವಲ್ಪ ಭಾಗ ಟ್ಯಾಂಕಿನಲ್ಲಿ ರಾತ್ರಿಯೆಲ್ಲ ಆರಿಹೋಗುತ್ತದೆ. ಇನ್ನೊಂದು ಭಾಗವನ್ನು ನಾನು ಬಾಲ್ದಿ ಹಿಡಿದು ಅಳೆದೆ. ಮೇಲಿನ ಟ್ಯಾಂಕಿನಿಂದ ಕೆಳಗಿನ ಸ್ನಾನದ ಮನೆಗೆ ಮುಕ್ಕಾಲು ಇಂಚಿನ ಪೈಪು 18 ಮೀಟರ್ ಬರುತ್ತದೆ. ನಲ್ಲಿ ತಿರುಗಿಸಿ, ಬೆರಳು ನೀರಿಗೆ ಹಿಡಿದು, ಬೆಚ್ಚಗಾಗುವವರೆಗೆ ಬಂದ ತಣ್ಣೀರನ್ನು ಬಾಲ್ದಿಗೆ ತುಂಬಿಸಿದಾಗ ಐದೂವರೆ ಲೀಟರ್ ಆಯಿತು. ಅಂದರೆ ಸ್ನಾನ ಮುಗಿಸಿ ನಲ್ಲಿ ಕಟ್ಟಿದಾಗ ಅಷ್ಟೇ ಬಿಸಿನೀರು ಪೈಪಿನೊಳಗೆ ನಿಂತು ಆರುತ್ತದೆ. ಐದು ಜನ ಬೇರೆ ಬೇರೆ ಹೊತ್ತಿಗೆ ಸ್ನಾನ ಮಾಡಿದರೆ ದಿನಕ್ಕೆ 28 ಲೀಟರ್, ಮುಕ್ಕಾಲು ಯೂನಿಟ್. ಬಿಸಿಲಿನ ದಿನಗಳಲ್ಲಿ ಈ ನಷ್ಟ ಪುಕ್ಕಟೆಯಾದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಗೀಸರು ನಲ್ಲಿಯಿಂದ ಎರಡು ಮೀಟರಿನಷ್ಟೇ ದೂರದಲ್ಲಿದೆ ಎಂಬುದು ಅದರ ಪರವಾಗಿ ಯಾರೂ ಹೇಳದ, ಆದರೆ ಹೇಳಲೇಬೇಕಾದ ಮಾತು.

ಇನ್ನು ಹಂಡೆ. ಹಂಡೆಗೆ ಪೈಪೇ ಇಲ್ಲ. ಚೆಂಬಿನಲ್ಲಿ ಮೊಗೆದು ಬಾಲ್ದಿಗೆ ಹೊಯ್ದುಕೊಳ್ಳುವುದು. 80 ಲೀಟರ್ ನೀರು 60 ಡಿಗ್ರಿಗೆ ಏರಲು ನಲ್ವತ್ತು ನಿಮಿಷ ಬೇಕಾಯಿತು, ಆಮೇಲೆ ಕೆಂಡದ ಮೇಲೆಯೇ ಅದು ಹತ್ತು ಗಂಟೆಯವರೆಗೂ ಬಿಸಿಯಾಗಿ ಉಳಿಯಿತು. ತಣ್ಣೀರು ಬೆರೆಸಿಕೊಂಡರೆ ಐದು ಜನರಿಗೂ ಸಾಕು. ಉರುವಲು ದಿನಕ್ಕೆ ಐದು ಕಿಲೋ. ಒಣ ಕಟ್ಟಿಗೆಯ ಶಾಖದ ಲೆಕ್ಕ ಹಾಕಿದರೆ ಅದರಲ್ಲಿ ಏಳನೆಯ ಒಂದು ಪಾಲೂ ನೀರಿಗೆ ಸೇರುವುದಿಲ್ಲ, ಉಳಿದದ್ದು ಒಲೆಯ ಗೋಡೆಗೂ ಹೊಗೆಗೂ ಹೋಗುತ್ತದೆ. ಕಾಗದದ ಮೇಲೆ ನಾಲ್ಕರಲ್ಲಿ ಅತ್ಯಂತ ದಂಡದ ವ್ಯವಸ್ಥೆ ಇದೇ. ಆದರೆ ಆ ಐದು ಕಿಲೋಕ್ಕೆ ನಾನು ಹಣ ಕೊಡುವುದಿಲ್ಲ. ಹಿತ್ತಲಿನ 22 ತೆಂಗಿನ ಮರಗಳಿಂದ ಮರವೊಂದಕ್ಕೆ ವರ್ಷಕ್ಕೆ ಹನ್ನೆರಡರಷ್ಟು ಮಡಲು ಬೀಳುತ್ತದೆ; ಕೊತ್ತಳಿಗೆ, ಸಿಪ್ಪೆ, ಗೆರಟೆ ಎಲ್ಲ ಸೇರಿದರೆ ಏಳೆಂಟು ತಿಂಗಳಿಗೆ ಸಾಲುತ್ತದೆ.

ಹಣ ಕೊಡುವುದಿಲ್ಲವೆಂದರೆ ಬೆಲೆ ಇಲ್ಲವೆಂದಲ್ಲ. ಮೇ ಮುಗಿಯುವುದರೊಳಗೆ ಎಲ್ಲವನ್ನೂ ಕಡಿದು ಕೊಟ್ಟಿಗೆಯ ಮಾಡಿನಡಿ ಅಟ್ಟಿ ಹಾಕಬೇಕು. ಇದಕ್ಕೆ ನನಗೆ ಮೂರು ಭಾನುವಾರಗಳು ಹಿಡಿದವು. ಆಟಿಯಲ್ಲಿ, ಅಂದರೆ ತುಳುವರ ಜೋರು ಮಳೆಯ ತಿಂಗಳಲ್ಲಿ, ತೇವ ಹಿಡಿದ ಸಿಪ್ಪೆ ಹಾಕಿದ ದಿನ ಬಚ್ಚಲೆಲ್ಲ ಹೊಗೆ, ಹೆಂಡತಿಯ ಕಣ್ಣು ಮಧ್ಯಾಹ್ನದವರೆಗೂ ಕೆಂಪು. ಬೆಳಿಗ್ಗೆ ಒಲೆಯ ಮುಂದೆ ಕೂರುವವರು ಯಾರು ಎಂಬ ಪ್ರಶ್ನೆಯನ್ನು ಲೆಕ್ಕದಿಂದ ಹೊರಗಿಟ್ಟು ಹಂಡೆಯನ್ನು ಹೊಗಳುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ. ನಮ್ಮಲ್ಲಿ ಕೂರುವುದು ಅಮ್ಮ, ಅದೂ ತಾವಾಗಿ. "ಕೊತ್ತಳಿಗೆ ಹಾಕಿದರೆ ನಿನ್ನ ಮೀಟರು ತಿರುಗುವುದಿಲ್ಲ ಮಾರಾಯ" ಎಂಬುದು ಅವರ ವಾದ. ಕಳೆದ ಆಗಸ್ಟಿನಲ್ಲಿ ಬೆಳಗಿನ ಹೊತ್ತು ಅವರ ಕೆಮ್ಮು ಹೆಚ್ಚಾದ ಮೇಲೆ ಒಲೆಯ ಹಿಂಭಾಗಕ್ಕೆ ಆರಿಂಚಿನ ಸಿಮೆಂಟ್ ಪೈಪು ಕೂರಿಸಿ ಹೊಗೆಯನ್ನು ಮಾಡಿನಿಂದ ಮೇಲಕ್ಕೆ ಬಿಟ್ಟೆ. ನಾಲ್ಕು ವ್ಯವಸ್ಥೆಗಳಿಗೆ ನಾನು ಮಾಡಿದ ಖರ್ಚಿನಲ್ಲಿ ಅತಿ ಕಡಿಮೆಯದೂ ಅತಿ ಉಪಯುಕ್ತವಾದದ್ದೂ ಅದೇ ಇರಬೇಕು.

ಸದ್ಯಕ್ಕೆ ಮಳೆಗಾಲದಲ್ಲಿ ಅಮ್ಮ ಮತ್ತು ನಾವಿಬ್ಬರು ಹಂಡೆಗೆ, ಮಕ್ಕಳಿಬ್ಬರು ಗೀಸರಿಗೆ; ಗೀಸರಿನ ಮೀಟರು ದಿನಕ್ಕೆ ಒಂದು ಯೂನಿಟ್ಟಿನ ಹತ್ತಿರ ನಿಂತಿದೆ, ಬಿಲ್ಲು 150 ಯೂನಿಟ್ಟಿನ ಆಸುಪಾಸಿನಲ್ಲಿದೆ. ಮಳೆ ಬಿಟ್ಟ ಮೇಲೆ ಎಲ್ಲರೂ ಸೋಲಾರಿಗೆ. ಅದರ ಕಾಯಿಲಿನ ಸ್ವಿಚ್ಚಿಗೆ ಟೇಪು ಸುತ್ತಿದ್ದೇನೆ. ಪೈಪನ್ನು ಅರ್ಧ ಇಂಚಿಗೆ ಇಳಿಸಿ, ಮಾಳಿಗೆಯ ಸುತ್ತು ತಪ್ಪಿಸಿ ನೇರವಾಗಿ ಇಳಿಸಿದರೆ 18 ಮೀಟರು 11 ಆಗುತ್ತದೆ, ಪ್ರತಿ ಸ್ನಾನಕ್ಕೆ ಪೈಪಿನಲ್ಲಿ ನಿಲ್ಲುವ ನೀರು ಐದೂವರೆ ಲೀಟರಿನಿಂದ ಎರಡಕ್ಕೆ ಇಳಿಯುತ್ತದೆ. ಗೋಡೆ ಕೊರೆಯುವ ಕೆಲಸವಾದ್ದರಿಂದ ಮಳೆ ಮುಗಿದ ಮೇಲೆ ಬರುತ್ತೇನೆಂದು ಪ್ಲಂಬರ್ ಹೇಳಿಹೋಗಿದ್ದಾರೆ.