ಈಕ್ವಲೈಜರ್ ಎಪಿಒ: ಹೊರನೋಟ ಒರಟು, ಕೆಲಸ ಅಚ್ಚುಕಟ್ಟು

ಹಾಡು ಕೇಳಿಸುವ ಪ್ಲೇಯರ್‌ಗಳಲ್ಲಿ ಬಾಸ್, ಟ್ರೆಬಲ್ ಹೊಂದಿಸುವ ಸೌಲಭ್ಯ ಇದ್ದೇ ಇರುತ್ತದೆ. ಆದರೆ ಅಲ್ಲಿ ಮಾಡಿದ ಹೊಂದಾಣಿಕೆ ಬ್ರೌಸರ್‌ನಲ್ಲಿ ನೋಡುವ ವಿಡಿಯೋಗಾಗಲಿ, ಆನ್‌ಲೈನ್ ಸಭೆಯ ಮಾತಿಗಾಗಲಿ ತಗಲುವುದಿಲ್ಲ. ವಿಂಡೋಸ್‌ಗೆಂದು ರೂಪಿಸಿರುವ ಈಕ್ವಲೈಜರ್ ಎಪಿಒ ಎಂಬ ಉಚಿತ, ಮುಕ್ತ ತಂತ್ರಾಂಶ ಈ ಕೊರತೆಯನ್ನು ನೀಗಿಸುತ್ತದೆ. ಅದು ವಿಂಡೋಸ್‌ನ ಆಡಿಯೋ ವ್ಯವಸ್ಥೆಯೊಳಗೇ ಸೇರಿಕೊಂಡು, ಬಹುತೇಕ ಎಲ್ಲ ತಂತ್ರಾಂಶಗಳಿಂದ ಬಂದ ಧ್ವನಿಯನ್ನೂ ಸ್ಪೀಕರಿಗೆ ತಲುಪುವ ಮುನ್ನ ಸೋಸುತ್ತದೆ. ಅನುಸ್ಥಾಪನೆಯ ವೇಳೆ ಯಾವ ಸಾಧನಕ್ಕೆ ಅಳವಡಿಸಬೇಕೆಂದು ಆರಿಸಿ ಗಣಕವನ್ನು ಒಮ್ಮೆ ಮರುಪ್ರಾರಂಭಿಸಿದರೆ ಸಾಕು.

ಇದರ ನಿಜವಾದ ಬಲವಿರುವುದು ಪ್ಯಾರಾಮೆಟ್ರಿಕ್ ಫಿಲ್ಟರ್‌ಗಳಲ್ಲಿ. ಸಾಮಾನ್ಯ ಗ್ರಾಫಿಕ್ ಈಕ್ವಲೈಜರ್‌ನಲ್ಲಿ ಯಾವ ಆವರ್ತನಗಳನ್ನು ತಿದ್ದಬಹುದೆಂಬುದು ಮೊದಲೇ ನಿಗದಿಯಾಗಿರುತ್ತದೆ. ಇಲ್ಲಿ ಆವರ್ತನ, ಏರಿಳಿತದ ಪ್ರಮಾಣ ಮತ್ತು ಆ ತಿದ್ದುಪಡಿ ಎಷ್ಟು ಅಗಲಕ್ಕೆ ಹರಡಬೇಕೆಂಬುದನ್ನು ಸೂಚಿಸುವ ಕ್ಯೂ ಮೌಲ್ಯ, ಈ ಮೂರೂ ನಮ್ಮ ಕೈಯಲ್ಲಿರುತ್ತವೆ. ಮಾತು ಗುಂಯ್‌ಗುಡುತ್ತಿದ್ದರೆ 200 ಹರ್ಟ್ಸ್ ಆಸುಪಾಸಿನಲ್ಲಿ ಕ್ಯೂ 1 ಇಟ್ಟು 4 ಡೆಸಿಬೆಲ್ ಇಳಿಸಿ ನೋಡಬಹುದು. ಸಕಾರ, ಶಕಾರಗಳು ಕಿವಿಗೆ ಚುಚ್ಚುತ್ತಿದ್ದರೆ 6,000ದಿಂದ 8,000 ಹರ್ಟ್ಸ್‌ಗಳ ನಡುವೆ ಹುಡುಕಬೇಕು. ಸೂಚನೆಗಳೆಲ್ಲ ಒಂದು ಸಾದಾ ಪಠ್ಯ ಕಡತದಲ್ಲಿ ಸಾಲುಸಾಲಾಗಿ ಕೂರುತ್ತವೆ, ಕಡತ ಉಳಿಸಿದೊಡನೆ ಕೇಳುತ್ತಿರುವ ಧ್ವನಿಯೇ ಬದಲಾಗುತ್ತದೆ. ಪಠ್ಯ ಬರೆಯಲು ಬೇಸರವಾದವರಿಗೆ ಜೊತೆಯಲ್ಲೇ ಬರುವ ಎಡಿಟರ್ ಇದೆ, ಅದೂ ಒಗ್ಗದಿದ್ದರೆ ಇದನ್ನು ಸುಲಭವಾಗಿ ನಡೆಸಲೆಂದು ಪ್ರತ್ಯೇಕವಾಗಿ ಸಿಗುವ ಪೀಸ್ ಎಂಬ ಇಂಟರ್ಫೇಸ್ ಇದೆ.

ಹೊಸಬರು ತಪ್ಪದೆ ಅರಿಯಬೇಕಾದ ಭಾಗವೆಂದರೆ ಪ್ರೀಆಂಪ್, ಅಂದರೆ ಒಟ್ಟು ಧ್ವನಿಯ ಮಟ್ಟವನ್ನು ಏರಿಸುವ ಅಥವಾ ಇಳಿಸುವ ಹೊಂದಾಣಿಕೆ. ಡಿಜಿಟಲ್ ಧ್ವನಿಗೆ ದಾಟಲಾಗದ ಒಂದು ಮೇಲ್ಮಿತಿಯಿದೆ, ಅದನ್ನು 0 ಡೆಸಿಬೆಲ್ ಎಂದು ಗುರುತಿಸುತ್ತಾರೆ. ಇಂದಿನ ಎಷ್ಟೋ ಹಾಡುಗಳು ಈ ಮಿತಿಯ ಅಂಚಿಗೇ ಮುದ್ರಣಗೊಂಡಿರುತ್ತವೆ. ಹೀಗಿರುವಾಗ ಬಾಸನ್ನು 6 ಡೆಸಿಬೆಲ್ ಏರಿಸುವುದೆಂದರೆ ಆ ಭಾಗದ ಅಲೆಯ ಎತ್ತರವನ್ನು ಸರಿಸುಮಾರು ಇಮ್ಮಡಿಗೊಳಿಸಿದಂತೆ. ಮಿತಿ ಮೀರಿದ ಅಲೆಯ ನೆತ್ತಿ ಚಪ್ಪಟೆಯಾಗಿ ಧ್ವನಿ ಒಡೆಯುತ್ತದೆ, ಇಲ್ಲವೇ ಅದುಮಿದಂತಾಗುತ್ತದೆ. ಆದ್ದರಿಂದ ಎಷ್ಟು ಏರಿಸಿದೆವೋ ಅಷ್ಟನ್ನು ಪ್ರೀಆಂಪ್‌ನಲ್ಲಿ ಮೊದಲೇ ಇಳಿಸಬೇಕು. ಒಟ್ಟಾರೆ ಗರಿಷ್ಠ ಏರಿಕೆ ಎಷ್ಟೆಂದು ಎಡಿಟರ್‌ನ ವಿಶ್ಲೇಷಣಾ ಫಲಕವೇ ತೋರಿಸುತ್ತದೆ. ನನ್ನ ಮಟ್ಟಿಗೆ, ಬೇಕಾದುದನ್ನು ಏರಿಸುವುದಕ್ಕಿಂತ ಬೇಡವಾದುದನ್ನು ಇಳಿಸುವುದೇ ಜಾಣತನ. ಜೋರಾಗಿ ಕೇಳಿದ್ದೆಲ್ಲ ಚೆನ್ನಾಗಿದೆ ಎನ್ನುವ ಚಾಳಿ ನಮ್ಮ ಕಿವಿಗಿರುವುದರಿಂದ, ತಿದ್ದಿದ ಮತ್ತು ತಿದ್ದದ ಧ್ವನಿಗಳನ್ನು ಒಂದೇ ಮಟ್ಟಕ್ಕೆ ತಂದು ಹೋಲಿಸದ ಹೊರತು ಯಾವ ತೀರ್ಮಾನವೂ ನೆಚ್ಚಿಕೆಗೆ ಯೋಗ್ಯವಲ್ಲ.

ಮೈಕ್‌ಗೂ ಇದನ್ನು ಅಳವಡಿಸಬಹುದು ಎಂಬುದು ಬಹಳ ಮಂದಿಯ ಗಮನಕ್ಕೆ ಬಂದಿರುವುದಿಲ್ಲ. 80 ಹರ್ಟ್ಸ್‌ಗೆ ಒಂದು ಹೈಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಆವರ್ತನಗಳನ್ನು ತಗ್ಗಿಸುವ ಫಿಲ್ಟರ್) ಹಾಕಿದರೆ ಮೇಜು ತಗುಲಿದ ದಡಬಡ, ಫ್ಯಾನಿನ ಕೆಳಸ್ತರದ ಗುಡುಗು ಬಹುಮಟ್ಟಿಗೆ ತಗ್ಗುತ್ತವೆ. ವಿದ್ಯುತ್ ಜಾಲದ 50 ಅಥವಾ 60 ಹರ್ಟ್ಸ್ ಗುಂಯ್‌ಕಾರ ಮಾತ್ರ ಇಷ್ಟಕ್ಕೇ ಪೂರ್ತಿ ಹೋಗದು, ಏಕೆಂದರೆ ಅದರ ಎರಡು, ಮೂರು ಪಟ್ಟಿನ ಆವರ್ತನಗಳು ಮಾತಿನ ಆವರ್ತನಗಳ ನಡುವೆಯೇ ನುಸುಳಿರುತ್ತವೆ. ಅವಕ್ಕೆ ಒಂದೊಂದಾಗಿ, ಒಂದೇ ಆವರ್ತನವನ್ನು ಕತ್ತರಿಸುವ ಕಿರಿದಾದ ನಾಚ್ ಫಿಲ್ಟರ್ ಇಡಬೇಕಾಗುತ್ತದೆ.

ಕೊರತೆಗಳೂ ಇವೆ. ಎಎಸ್‌ಐಒ ಅಥವಾ ವಾಸಾಪಿಯ ಏಕಸ್ವಾಮ್ಯ ವಿಧಾನದಲ್ಲಿ (ಧ್ವನಿಯನ್ನು ನೇರವಾಗಿ ಸಾಧನಕ್ಕೆ ಕಳಿಸುವ ದಾರಿಗಳಿವು) ಧ್ವನಿ ನುಡಿಸುವ ತಂತ್ರಾಂಶಗಳು ವಿಂಡೋಸ್‌ನ ಮಾಮೂಲು ದಾರಿಯನ್ನು ಬಿಟ್ಟು ಹೋಗುವುದರಿಂದ ಅಲ್ಲಿ ಇದರ ಆಟ ನಡೆಯುವುದಿಲ್ಲ. ಸೌಂಡ್ ಡ್ರೈವರ್ ನವೀಕರಣಗೊಂಡ ಮೇಲೆ ಫಿಲ್ಟರ್‌ಗಳು ಸದ್ದಿಲ್ಲದೆ ನಿಂತುಹೋಗಬಹುದು, ಆಗ ಅನುಸ್ಥಾಪನೆಯ ವೇಳೆ ಕಂಡ ಸಾಧನ ಆರಿಸುವ ಕಿಟಕಿಯನ್ನು ತೆರೆದು ಸಾಧನವನ್ನು ಮತ್ತೆ ಆರಿಸಬೇಕು. ಹೊರನೋಟವಂತೂ ಪ್ರಯೋಗಾಲಯದ ಉಪಕರಣದಂತಿದ್ದು, ಮೊದಲ ಬಾರಿ ತೆರೆದವರಿಗೆ ಎಲ್ಲಿಂದ ಶುರುಮಾಡುವುದೆಂದು ತೋಚದು. ಅಂಥವರು ಆಟೋಈಕ್ಯೂ ಯೋಜನೆಯಲ್ಲಿ ತಮ್ಮ ಹೆಡ್‌ಫೋನಿಗೆ ಸಿದ್ಧ ಹೊಂದಾಣಿಕೆ ಇದೆಯೇ ಎಂದು ನೋಡಿ, ಅದನ್ನು ತಂದುಕೊಂಡು ತಮ್ಮ ಕಿವಿಗೆ ತಕ್ಕಂತೆ ತಿದ್ದಿಕೊಳ್ಳುವುದು ಸುಲಭ.

ಮುದ್ರಿಸಿಟ್ಟ ಧ್ವನಿ ಕಡತವನ್ನೇ ಶಾಶ್ವತವಾಗಿ ತಿದ್ದಬೇಕೆನ್ನುವವರಿಗೆ ಇದು ಒದಗುವುದಿಲ್ಲ, ಏಕೆಂದರೆ ಇದು ಕೇಳುವ ಧ್ವನಿಯನ್ನಷ್ಟೇ ಬದಲಿಸುತ್ತದೆ, ಕಡತವನ್ನು ಮುಟ್ಟುವುದಿಲ್ಲ. ಆ ಕೆಲಸಕ್ಕೆ ಅಡಾಸಿಟಿ ಎಂಬ ಧ್ವನಿ ಸಂಪಾದನಾ ತಂತ್ರಾಂಶವೇ ಸರಿ.