ನಾಲ್ಕು ಕಂಪನಿ, ಒಂದೇ ಚಿಪ್‌ಸೆಟ್: ಎಎಂ4 ಮತ್ತು ಎಎಂ5 ಮದರ್‌ಬೋರ್ಡ್‌ಗಳ ದೀರ್ಘಕಾಲದ ಬಳಕೆಯ ವಿಮರ್ಶೆ

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಮದರ್‌ಬೋರ್ಡ್ ಕೇಳಿದರೆ ಮೊದಲು ಬರುವ ಪ್ರಶ್ನೆ, "ಯಾವ ಕಂಪನಿದು ಕೊಡ್ಲಿ ಸಾರ್?" ಎಎಂ5 ಎಂದರೆ ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್ ಕೂರುವ ಸಾಕೆಟ್, ಎಎಂ4 ಅದರ ಹಿಂದಿನದು. ಎಎಂ5 ಬೋರ್ಡ್‌ಗೆ ಆಸುಸ್, ಗಿಗಾಬೈಟ್, ಎಂಎಸ್‌ಐ, ಆಸ್‌ರಾಕ್ ನಾಲ್ಕೂ ಎಎಂಡಿಯಿಂದ ತರುವುದು ಅದೇ ಬಿ650 ಚಿಪ್‌ಸೆಟ್, ಅಂದರೆ ಬೋರ್ಡ್‌ನ ಪೋರ್ಟ್, ಸ್ಲಾಟ್‌ಗಳನ್ನು ನಡೆಸುವ ಚಿಪ್. ಕೆಳದರ್ಜೆಯ ಬೋರ್ಡ್‌ಗಳಲ್ಲಿ ಆಡಿಯೊಗೆ ರಿಯಲ್‌ಟೆಕ್ ಎಎಲ್‌ಸಿ897, ನೆಟ್‌ವರ್ಕ್‌ಗೂ ಬಹುಪಾಲು ರಿಯಲ್‌ಟೆಕ್. ಗೇಮ್ ಓಡುವ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ವರ್ಷಗಟ್ಟಲೆ ಬಳಸಿದಾಗ ವ್ಯತ್ಯಾಸ ಗೊತ್ತಾಗುವುದು ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗಿಂತ ಮೊದಲು ಓಡಿ ಬೋರ್ಡನ್ನು ಎಬ್ಬಿಸುವ ಪ್ರೋಗ್ರಾಂನಲ್ಲಿ. ಆಮೇಲೆ ವಿಆರ್‌ಎಂನಲ್ಲಿ, ಅಂದರೆ ಪ್ರೊಸೆಸರ್‌ಗೆ ಕರೆಂಟ್ ಹದ ಮಾಡಿ ಕೊಡುವ ಭಾಗದಲ್ಲಿ.

ವಿಆರ್‌ಎಂ ವಿಷಯ ಬೇಗ ಮುಗಿಸೋಣ. ರೈಜನ್ 7600ಕ್ಕೆ ಲೇಬಲ್ ಮೇಲೆ 65 ವ್ಯಾಟ್ ಎಂದಿದ್ದರೂ ಅದು 88 ವ್ಯಾಟ್‌ವರೆಗೆ ಎಳೆಯುತ್ತದೆ, ಅಷ್ಟನ್ನು ಯಾವ ಕಂಪನಿಯ ಬಿ650 ಬೋರ್ಡಾದರೂ ತಾಳುತ್ತದೆ. 7950ಎಕ್ಸ್‌ನ ಮಿತಿ 230 ವ್ಯಾಟ್. ಹೀಟ್‌ಸಿಂಕ್ ಇಲ್ಲದ ಅಗ್ಗದ ಬೋರ್ಡ್‌ಗೆ ಅದನ್ನು ಹಾಕಿ ವಿಡಿಯೊ ರೆಂಡರ್‌ಗೆ ಬಿಟ್ಟರೆ ವಿಆರ್‌ಎಂ ಕಾದು ಪ್ರೊಸೆಸರ್ ವೇಗ ಕುಸಿಯುತ್ತದೆ. ಹಾಗಾಗಿ ಹೋಲಿಸುವಾಗ ಒಂದೇ ದರ್ಜೆಯವನ್ನು ಪಕ್ಕಪಕ್ಕ ಇಡಿ: ಆಸುಸ್ ಪ್ರೈಮ್ ಎದುರಿಗೆ ಗಿಗಾಬೈಟ್ ಡಿಎಸ್3ಎಚ್, ಆಸುಸ್ ಟಫ್ ಎದುರಿಗೆ ಎಂಎಸ್‌ಐ ಟೊಮಾಹಾಕ್. ಈ ಲೆಕ್ಕ ಮುರಿಯುವ ಬೋರ್ಡ್ ಎಂದರೆ ಆಸ್‌ರಾಕ್‌ನ ಬಿ650ಎಂ-ಎಚ್‌ಡಿವಿ/ಎಂ.2. ರ‍್ಯಾಮ್ ಸ್ಲಾಟ್ ಎರಡೇ, ನೋಡಲು ಬಡಪಾಯಿ, ಆದರೆ ವಿಆರ್‌ಎಂ ಅದರ ಬೆಲೆಗೆ ಮೀರಿದ್ದು.

ಬಯೋಸ್ ಕಥೆ ದೊಡ್ಡದು. ಎಎಂ4 ಸಾಕೆಟ್‌ನ, 2018ರ ಬಿ450 ಬೋರ್ಡ್‌ಗಳನ್ನೇ ನೋಡಿ. ಎಂಎಸ್‌ಐ ತನ್ನ ಬಿ450 ಟೊಮಾಹಾಕ್‌ಗೆ 16 ಎಂಬಿ ಬಯೋಸ್ ಚಿಪ್ ಹಾಕಿತ್ತು. ರೈಜನ್ 3000 ಬಂದಾಗ ಜಾಗ ಸಾಲದೆ ಚಿತ್ರಗಳಿದ್ದ ಮೆನು ತೆಗೆದು ಸಪ್ಪೆ ಮೆನು ಕೊಟ್ಟರು, ಹಿಂದೆಯೇ 32 ಎಂಬಿ ಚಿಪ್ಪಿನ 'ಮ್ಯಾಕ್ಸ್' ಮಾದರಿ ತಂದರು. ಆದರೂ ಹಳೆಯ ಬೋರ್ಡನ್ನು ಕೈಬಿಡಲಿಲ್ಲ ಅನ್ನುವುದು ಮುಖ್ಯ. ಬಿ450 ಬೋರ್ಡ್‌ಗಳಿಗೆ ನಾಲ್ಕೂ ಕಂಪನಿಗಳು ರೈಜನ್ 5000ಕ್ಕೆ ಬಯೋಸ್ ಕೊಟ್ಟವು. 2024ರಲ್ಲಿ ಬಂದ 5700ಎಕ್ಸ್3ಡಿ ಪ್ರೊಸೆಸರ್ ಹಾಕಿದರೆ ಆ ಯಂತ್ರ ಇವತ್ತಿಗೂ ಗಟ್ಟಿ ಗೇಮಿಂಗ್ ಪಿಸಿ.

ಹೊಸ ಪ್ರೊಸೆಸರ್‌ಗೆ ಹೊಸ ಬಯೋಸ್ ಬೇಕಾಗುವುದರಿಂದಲೇ ಬೋರ್ಡ್‌ನ ಹಿಂಭಾಗದಲ್ಲಿ ಬಯೋಸ್ ಫ್ಲ್ಯಾಶ್ ಬಟನ್ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಪ್ರೊಸೆಸರ್, ರ‍್ಯಾಮ್ ಎರಡೂ ಇಲ್ಲದೆ ಬಯೋಸ್ ಬದಲಿಸಬಹುದು. ಪೆನ್‌ಡ್ರೈವನ್ನು ಫ್ಯಾಟ್32ಕ್ಕೆ ಫಾರ್ಮ್ಯಾಟ್ ಮಾಡಿ, ಬಯೋಸ್ ಫೈಲಿನ ಹೆಸರು ಬದಲಿಸಿ ಅದರಲ್ಲಿ ಹಾಕಿ. ಎಂಎಸ್‌ಐಗೆ 'ಎಂಎಸ್‌ಐ ಡಾಟ್ ರೋಮ್', ಗಿಗಾಬೈಟ್‌ಗೆ 'ಗಿಗಾಬೈಟ್ ಡಾಟ್ ಬಿನ್', ಆಸ್‌ರಾಕ್‌ಗೆ 'ಕ್ರಿಯೇಟಿವ್ ಡಾಟ್ ರೋಮ್'. ಆಸುಸ್‌ನಲ್ಲಿ ಜಿಪ್ ಒಳಗಿರುವ ರಿನೇಮರ್ ಓಡಿಸಿದರೆ ಹೆಸರು ತಾನಾಗಿ ಸರಿಯಾಗುತ್ತದೆ. 24 ಪಿನ್ ಮತ್ತು 8 ಪಿನ್ ಪವರ್ ಕೇಬಲ್ ಜೋಡಿಸಿ, ಗುರುತು ಹಾಕಿರುವ ಯುಎಸ್‌ಬಿ ಪೋರ್ಟಿಗೇ ಪೆನ್‌ಡ್ರೈವ್ ಚುಚ್ಚಿ, ಬಟನ್ ಒತ್ತಿ. ಆಸುಸ್‌ನಲ್ಲಿ ದೀಪ ಮೂರು ಸಲ ಮಿನುಗುವವರೆಗೆ ಸುಮಾರು ಮೂರು ಸೆಕೆಂಡ್ ಹಿಡಿದಿರಬೇಕು. ದೀಪ ಐದು ಸೆಕೆಂಡ್ ಮಿನುಗಿ ಉರಿದೇ ನಿಂತರೆ ಕೆಲಸ ಆಗಿಲ್ಲ ಎಂದರ್ಥ: ಫೈಲಿನ ಹೆಸರು ತಪ್ಪಿರುತ್ತದೆ, ಇಲ್ಲವೇ ಪೋರ್ಟ್ ತಪ್ಪಿರುತ್ತದೆ. ಎಲ್ಲ ಸರಿಯಿದ್ದರೆ ದೀಪ ಕೆಲವು ನಿಮಿಷ ಮಿನುಗಿ ತಾನೇ ಆರುತ್ತದೆ. ಬೇಸಿಗೆಯಲ್ಲಿ ಹೊತ್ತುಗೊತ್ತಿಲ್ಲದೆ ಕರೆಂಟ್ ಹೋಗುವ ಊರಾದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಎಎಂ5ನಲ್ಲಿ ಬೋರ್ಡ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಬರುವವು ಎಷ್ಟೋ ಸಲ ಕೆಟ್ಟಿರುವುದೇ ಇಲ್ಲ. ಮೊದಲ ಸಲ ಆನ್ ಮಾಡಿದಾಗ ಡಿಡಿಆರ್5 ರ‍್ಯಾಮ್ ಟ್ರೈನಿಂಗ್ ನಡೆಯುತ್ತದೆ, ಅಂದರೆ ಬೋರ್ಡ್ ಆ ಸ್ಟಿಕ್‌ಗಳಿಗೆ ಹೊಂದುವ ಸೆಟ್ಟಿಂಗ್ ತಾನೇ ಹುಡುಕಿಕೊಳ್ಳುತ್ತದೆ. ಪರದೆ ಕಪ್ಪು, ಡಿ-ರ‍್ಯಾಮ್ ದೀಪ ಉರಿಯುತ್ತಲೇ ಇರುತ್ತದೆ, ಇದಕ್ಕೆ ಹಲವು ನಿಮಿಷ ಹಿಡಿಯಬಹುದು. ಆ ಹೊತ್ತಿನಲ್ಲಿ ರೀಸೆಟ್ ಒತ್ತಿದರೆ ಮತ್ತೆ ಮೊದಲಿನಿಂದ ಶುರು. ನಾಲ್ಕು ಸ್ಲಾಟಿನ ಬೋರ್ಡ್‌ಗೆ ಎರಡು ಸ್ಟಿಕ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ. ನಾಲ್ಕು ಸ್ಟಿಕ್ ತುಂಬುವ ಆಸೆ ಬೇಡ: ರೈಜನ್ 7000ಕ್ಕೆ ನಾಲ್ಕು (ಚಿಪ್‌ಗಳ ಎರಡು ಗುಂಪಿರುವ) ಡ್ಯುಯಲ್ ರ‍್ಯಾಂಕ್ ಸ್ಟಿಕ್ ಹಾಕಿದರೆ ಎಎಂಡಿ ಒಪ್ಪುವ ವೇಗ 3600 ಮಾತ್ರ. 6000 ವೇಗದ ಎರಡು ಸ್ಟಿಕ್ ಕೊಂಡು ಬಯೋಸ್‌ನಲ್ಲಿ ಎಕ್ಸ್‌ಪೋ (ಸ್ಟಿಕ್ಕನ್ನು ಅದರ ಲೇಬಲ್ ಮೇಲಿನ ವೇಗಕ್ಕೆ ಏರಿಸುವ ಸೆಟ್ಟಿಂಗ್) ಆನ್ ಮಾಡುವುದೇ ಜಾಣತನ.

ಕಪ್ಪು ಚುಕ್ಕೆ ಇಲ್ಲದ ಕಂಪನಿಯೂ ಇಲ್ಲ. ಇಂಟೆಲ್ ಪ್ರೊಸೆಸರ್‌ಗಳ ಆಸುಸ್ ಝಡ್690 ಹೀರೊ ಬೋರ್ಡ್‌ನಲ್ಲಿ ಒಂದು ಕೆಪಾಸಿಟರ್ ತಿರುಗಾಮುರುಗಾ ಕೂತು, ಬೋರ್ಡ್‌ಗಳನ್ನು ವಾಪಸ್ ಪಡೆಯಬೇಕಾಯಿತು. 2023ರಲ್ಲಿ 7800ಎಕ್ಸ್3ಡಿ ಸುಟ್ಟ ಸುದ್ದಿ ಬಂದ ಮೇಲೆ ಎಎಂಡಿ ಎಲ್ಲ ಕಂಪನಿಗಳ ಬಯೋಸ್‌ನಲ್ಲೂ ಎಸ್‌ಒಸಿ ವೋಲ್ಟೇಜನ್ನು (ಪ್ರೊಸೆಸರ್‌ನೊಳಗೆ ಮೆಮೊರಿ ನಿಯಂತ್ರಿಸುವಂಥ ಭಾಗಗಳಿಗೆ ಹೋಗುವ ವೋಲ್ಟೇಜ್) 1.3 ವೋಲ್ಟಿಗೆ ಕಟ್ಟಿಹಾಕಿತು. ಅದೇ ವರ್ಷ ಗಿಗಾಬೈಟ್‌ನ ತಾನಾಗಿ ಅಪ್‌ಡೇಟ್ ಇಳಿಸಿಕೊಳ್ಳುವ ಸೌಲಭ್ಯ ಸುರಕ್ಷಿತವಲ್ಲವೆಂದು ಬಯಲಾಗಿ ಬಯೋಸ್ ತಿದ್ದಬೇಕಾಯಿತು. 2025ರಲ್ಲಿ 9800ಎಕ್ಸ್3ಡಿ ಸತ್ತ ದೂರುಗಳಲ್ಲಿ ಹೆಚ್ಚು ಕೇಳಿಬಂದ ಹೆಸರು ಆಸ್‌ರಾಕ್, ಅವರೂ ಹೊಸ ಬಯೋಸ್‌ನಲ್ಲಿ ಕರೆಂಟ್ ಮಿತಿ ತಗ್ಗಿಸಿದರು. ಆದ್ದರಿಂದ ಎಕ್ಸ್3ಡಿ ಪ್ರೊಸೆಸರ್ ಇರುವವರು ಪೆಟ್ಟಿಗೆಯಿಂದ ಬಂದ ಬಯೋಸ್‌ನಲ್ಲೇ ಓಡಿಸುವುದು ಬೇಡ.

ಹೊಸ ವಿಂಡೋಸ್ ಹಾಕಿದ ಕೂಡಲೇ "ನಮ್ಮ ಆ್ಯಪ್ ಹಾಕಿಕೊಳ್ಳಿ" ಎಂದು ಮೂಲೆಯಲ್ಲಿ ಇಣುಕುವ ಕಾಟ ನಾಲ್ಕರಲ್ಲೂ ಇದೆ. ಬಯೋಸ್‌ನಲ್ಲಿ ಇದನ್ನು ಆಫ್ ಮಾಡಬಹುದು. ಆಸುಸ್‌ನಲ್ಲಿ ಟೂಲ್ ಮೆನುವಿನ ಆರ್ಮರಿ ಕ್ರೇಟ್, ಎಂಎಸ್‌ಐನಲ್ಲಿ ಡ್ರೈವರ್ ಯುಟಿಲಿಟಿ ಇನ್‌ಸ್ಟಾಲರ್, ಆಸ್‌ರಾಕ್‌ನಲ್ಲಿ ಆಟೊ ಡ್ರೈವರ್ ಇನ್‌ಸ್ಟಾಲರ್. ಬಣ್ಣದ ದೀಪಗಳ ಬಗ್ಗೆ ಒಂದೇ ಮಾತು: 5 ವೋಲ್ಟಿನ 3 ಪಿನ್ ಪಟ್ಟಿಯನ್ನು 12 ವೋಲ್ಟಿನ 4 ಪಿನ್ ಹೆಡರ್‌ಗೆ ಒತ್ತಿ ತುರುಕಿದರೆ ಪಟ್ಟಿ ಸುಡುತ್ತದೆ.

ಲಿನಕ್ಸ್ ಬಳಸುವವರು ಗಿಗಾಬೈಟ್ ಕೊಳ್ಳುವ ಮುನ್ನ ಎರಡು ಸಲ ಯೋಚಿಸಿ. ಅದರ ಫ್ಯಾನ್ ಮತ್ತು ತಾಪಮಾನ ಓದುವ ಐಟಿಇ ಚಿಪ್‌ಗೆ ಕರ್ನಲ್‌ನೊಳಗಿನ ಡ್ರೈವರ್ ಎಷ್ಟೋ ಸಲ ಸಾಲದು, ಹೊರಗಿನಿಂದ ತಂದು ಕಟ್ಟಬೇಕು. ಉಳಿದ ಮೂರರಲ್ಲಿ ಸಾಮಾನ್ಯವಾಗಿ ಇರುವುದು ನುವೊಟಾನ್ ಚಿಪ್, ಅದಕ್ಕೆ ಡ್ರೈವರ್ ಮೊದಲೇ ಇದೆ. ಗಿಗಾಬೈಟ್‌ನಲ್ಲಿ ಇನ್ನೊಂದು: ಒಂದೇ ಹೆಸರಿನ ಬೋರ್ಡ್ 1.0, 1.1, 1.2 ಎಂದು ಹಲವು ರಿವಿಷನ್‌ಗಳಲ್ಲಿ ಬರುತ್ತದೆ, ಒಳಗಿನ ಭಾಗಗಳೂ ಬದಲಾಗಿರಬಹುದು. ಬೋರ್ಡ್ ಮೂಲೆಯಲ್ಲಿ ಅಚ್ಚಾದ ರಿವಿಷನ್ ನೋಡಿಯೇ ಬಯೋಸ್ ಇಳಿಸಿಕೊಳ್ಳಿ.

ನನ್ನ ಮಟ್ಟಿಗೆ, ಬಯೋಸ್ ಮೆನು ಮತ್ತು ಫ್ಯಾನ್ ನಿಯಂತ್ರಣಕ್ಕೆ ಎಂಎಸ್‌ಐ, ಆಸುಸ್ ಮುಂದೆ. ಹಣಕ್ಕೆ ತಕ್ಕ ವಿಆರ್‌ಎಂ ಬೇಕಿದ್ದರೆ ಆಸ್‌ರಾಕ್. ಅದೇ ದರ್ಜೆಯಲ್ಲಿ ಸಾವಿರ ರೂಪಾಯಿ ಕಡಿಮೆಗೆ ಸಿಕ್ಕರೆ ಗಿಗಾಬೈಟ್.

ಇಲ್ಲಿ ನಾಲ್ಕಕ್ಕೂ ಸಾಮಾನ್ಯವಾಗಿ ಮೂರು ವರ್ಷ ವಾರಂಟಿ. ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಎಎಂ5 ಸಾಕೆಟ್‌ನ 1718 ಪಿನ್‌ಗಳು ಇರುವುದು ಬೋರ್ಡ್ ಮೇಲೆ, ಒಂದು ಬಾಗಿದ್ದರೂ ಸರ್ವಿಸ್ ಸೆಂಟರ್‌ನವರು ವಾರಂಟಿ ಒಪ್ಪದೆ ಬೋರ್ಡ್ ಹಿಂದಕ್ಕೆ ಕೊಡುತ್ತಾರೆ. ಆದ್ದರಿಂದ ಅಂಗಡಿಯಲ್ಲೇ ಪೆಟ್ಟಿಗೆ ತೆಗೆಸಿ ಸಾಕೆಟ್‌ನ ಫೋಟೊ ತೆಗೆದುಕೊಳ್ಳಿ. ಕಪ್ಪು ಪ್ಲಾಸ್ಟಿಕ್ ಮುಚ್ಚಳ ಬಿಸಾಡಬೇಡಿ, ಬೋರ್ಡನ್ನು ಸರ್ವಿಸ್‌ಗೆ ಕೊಡುವಾಗ ಅದನ್ನು ಕೇಳುತ್ತಾರೆ.